'ಕೋ' ಅಂದ್ರೆ ಏನು ತಾತ?

ಮಂಡ್ಯ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ಕೂಳೆ ಕಬ್ಬು ಸೂಲಂಗಿ, ಅಂದ್ರೆ ಹೂವು, ಬಿಟ್ಟಿದೆ. ಬೆಳಗಿನ ಬಿಸಿಲಲ್ಲಿ ನಾಲೆ ಏರಿ ಮೇಲೆ ನಿಂತು ನೋಡಿದರೆ ಇಡೀ ಬಯಲಿಗೆ ಬೆಳ್ಳಿ ಬಣ್ಣ. ಅಪ್ಪ ಎಂದಿನ ಹಾಗೆ ಕೋ 62175 ಅನ್ನೋ ಕಬ್ಬಿನ ತಳಿ ಹಾಕುತ್ತಿದ್ದ ಕಾಲದ ಸುದ್ದಿ ತೆಗೆದಿದ್ದರು. ಪಕ್ಕದಲ್ಲಿದ್ದ ಮಗಳು ಕೇಳಿಬಿಟ್ಟಳು: "ಕೋ ಅಂದ್ರೆ ಏನು ತಾತ?"

ಇಷ್ಟು ವರ್ಷ ಕಬ್ಬು ಬೆಳೆದ ಅಪ್ಪನಿಗೂ ಗೊತ್ತಿರಲಿಲ್ಲ. ಕೊಯಮತ್ತೂರು, ಆ ತಳಿ ಹುಟ್ಟಿದ ಊರು ಅಂತ ನಾನು ಹೇಳಿದೆ. ಹೇಳುತ್ತಿದ್ದ ಹಾಗೇ ಅಲ್ಲಿ ಕಬ್ಬಿನ ಮೇಲೆ ಕೆಲಸ ಮಾಡಿದ ಸಸ್ಯ ವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ನೆನಪಾದರು. ಮೈಸೂರಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ನೀನು. ಅವರ ವಿಷಯ ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

1897ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ತುಂಬಿದ ಮನೆ. ತಂದೆ ಸಬ್ ಜಡ್ಜ್, ಹಕ್ಕಿಗಳ ಹುಚ್ಚು ಹಿಡಿಸಿಕೊಂಡವರು. ಅಕ್ಕಂದಿರು ಮದುವೆಯಾಗಿ ಹೋದರು, ಇವರು ಓದು ಸಾಕೆನ್ನಲಿಲ್ಲ. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಮಾಡಿದರು. ಅಲ್ಲಿಂದ ಅಮೆರಿಕದ ಮಿಷಿಗನ್‌ಗೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಬಂದವರು ತಿರುವನಂತಪುರದಲ್ಲಿ ಮತ್ತೆ ಮೇಷ್ಟ್ರ ಕೆಲಸ. 1934ಕ್ಕೆ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು ನಾವು. ಮಗಳು ಕಿತ್ತು ತಂದ ಸೂಲಂಗಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದೆ. ಹತ್ತಿಯಂಥ ನವಿರು, ಅದರೊಳಗೆ ಸಾಸಿವೆಗಿಂತ ಸಣ್ಣ ಕಾಳು. ನಾವು ಅದನ್ನು ಯಾವತ್ತಾದರೂ ಬಿತ್ತಿದ್ದೀವಾ? ಇಲ್ಲ. ಜಲ್ಲೆ ಕತ್ತರಿಸಿ ತುಂಡು ಹೂಳುತ್ತೇವೆ, ಗಿಣ್ಣಿನಿಂದ ಅದೇ ಕಬ್ಬು ಮತ್ತೆ ಬರುತ್ತದೆ. ಹೊಸ ತಳಿ ಬೇಕು ಅಂದರೆ ಮಾತ್ರ ಈ ಹೂವಿನ ಹತ್ತಿರವೇ ಹೋಗಬೇಕು. ಒಂದರ ಪರಾಗವನ್ನು ಇನ್ನೊಂದಕ್ಕೆ ಕೂಡಿಸಿ, ಆ ಪುಡಿಕಾಳನ್ನು ಮೊಳೆಸಿ, ಸಾವಿರ ಸಸಿಯಲ್ಲಿ ಒಂದನ್ನು ಆರಿಸಬೇಕು.

ಜಾನಕಿ ಅಮ್ಮಾಳ್ ಕೂತದ್ದು ಈ ಕೆಲಸಕ್ಕೆ. ಕೋ ತಳಿಗಳನ್ನೆಲ್ಲ ಅವರೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅವರು ಸೇರುವ ಮುಂಚೆಯೇ ದಪ್ಪನೆಯ ಸಿಹಿಕಬ್ಬಿಗೂ ಹೊಳೆದಂಡೆಯ ಕಡ್ಡಿಯಂಥ ಕಾಡುಕಬ್ಬಿಗೂ ನಂಟು ಮಾಡಿ ಆಗಿತ್ತು. ಆ ನಂಟಿನ ಒಳಗೆ ಏನು ನಡೆಯುತ್ತದೆ ಅಂತ ಇವರು ಮೈಕ್ರೋಸ್ಕೋಪ್ ಕೆಳಗೆ ವರ್ಣತಂತು, ಅಂದ್ರೆ ಜೀವಕೋಶದೊಳಗೆ ವಂಶದ ಗುಣ ಹೊತ್ತಿರುವ ಎಳೆಗಳನ್ನು (ಕ್ರೋಮೋಸೋಮ್) ಎಣಿಸಿ ನೋಡಿದರು. ನಮ್ಮಲ್ಲಿ 46, ಸಿಹಿಕಬ್ಬಿನಲ್ಲಿ 80. ಕಾಡುಕಬ್ಬಿನಲ್ಲಂತೂ ಊರಿಗೊಂದು ಲೆಕ್ಕ. ಕಬ್ಬನ್ನು ಮುಸುಕಿನ ಜೋಳದ ಜೊತೆಗೂ ಕೂಡಿಸಿದರು ಅಂದ್ರೆ ನಂಬುತ್ತೀಯಾ? ಎಷ್ಟು ತಾಳ್ಮೆ ಬೇಕು ಅದಕ್ಕೆ!

ಆದರೆ ಅಲ್ಲಿ ಅವರು ಐದು ವರ್ಷಕ್ಕಿಂತ ಜಾಸ್ತಿ ಇರಲಿಲ್ಲ. ಮದುವೆಯಾಗದ ಹೆಂಗಸು, ಹಿಂದುಳಿದದ್ದು ಅಂತ ಎಣಿಸುತ್ತಿದ್ದ ತೀಯ ಜಾತಿ. ಜೊತೆಯ ಗಂಡಸರ ನಡುವೆ ಬದುಕು ಸಲೀಸಾಗಿರಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು ಕಣೋ. ಇಂಗ್ಲೆಂಡಿಗೆ ಹೋದರು. ಬಾಂಬು ಬೀಳುತ್ತಿದ್ದ ಲಂಡನ್ನಿನಲ್ಲೇ ಕೆಲಸ. ಅಲ್ಲಿನ ತಳಿವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಸೇರಿ ಬೆಳೆಗಳ ವರ್ಣತಂತುಗಳ ಅಟ್ಲಾಸ್ ಬರೆದರು, 1945ರಲ್ಲಿ ಬಂತು. ಅಲ್ಲಿ ಒಂದು ಮ್ಯಾಗ್ನೋಲಿಯಾ ಹೂವಿಗೆ ಅವರ ಹೆಸರಿದೆ. ನೆಹರು ಕರೆದ ಮೇಲೆ ವಾಪಸ್ ಬಂದು ಭಾರತೀಯ ಸಸ್ಯ ಸರ್ವೇಕ್ಷಣಾಲಯವನ್ನು ಹೊಸದಾಗಿ ಕಟ್ಟುವುದರಲ್ಲಿ ತೊಡಗಿದರು. 1977ರಲ್ಲಿ ಪದ್ಮಶ್ರೀ ಬಂತು.

ನನ್ನ ಮನಸ್ಸಲ್ಲಿ ಕೂತಿರುವುದು ಅವರ ಕೊನೆಯ ವರ್ಷಗಳು. ಎಂಬತ್ತು ದಾಟಿದ ಮೇಲೆ ಕೇರಳದ ಸೈಲೆಂಟ್ ವ್ಯಾಲಿ ಪರವಾಗಿ ನಿಂತರು. ಅಲ್ಲಿ ಅಣೆಕಟ್ಟು ಕಟ್ಟಿದರೆ ಕಾಡು ಮುಳುಗುತ್ತಿತ್ತು. ನಾವು ಕನ್ನಂಬಾಡಿ ಕಟ್ಟೆಯ ನೀರಿನಿಂದಲೇ ಅನ್ನ ಕಂಡವರು. ಕಟ್ಟೆ ಬೇಡ ಅನ್ನುವ ಮಾತು ನಮ್ಮ ಬಾಯಲ್ಲಿ ಸುಲಭಕ್ಕೆ ಬರಲ್ಲ. ಆದರೂ ಅವರು ಮಾಡಿದ್ದು ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬಯಲಿಗೆ ಕಬ್ಬು ಕೊಟ್ಟದ್ದೂ ಒಂದು ಕಾಡುಹುಲ್ಲೇ ಅಲ್ವಾ? ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮದರಾಸಿನ ಹತ್ತಿರದ ಮಧುರವಾಯಲ್‌ನಲ್ಲಿ ಗಿಡಗಳ ನಡುವೆ ಕೆಲಸ ಮಾಡುತ್ತಲೇ 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು.

ಸೂಲಂಗಿ ಇರುವಾಗಲೇ ಒಂದು ಭಾನುವಾರ ನಿನ್ನ ಹುಡುಗರನ್ನು ಕರೆದುಕೊಂಡು ಬಾ. ಮೈಕ್ರೋಸ್ಕೋಪ್ ಮರೆಯಬೇಡ. ಜಲ್ಲೆ ತುಂಡುಗಳನ್ನು ಈಗಲೇ ಒದ್ದೆ ಮರಳಲ್ಲಿ ಇಟ್ಟಿದ್ದೇನೆ. ನೀವು ಬರುವ ಹೊತ್ತಿಗೆ ಗಿಣ್ಣಿನಲ್ಲಿ ಬೇರು ಒಡೆದಿರುತ್ತದೆ. ಬೇರಿನ ತುದಿಯಲ್ಲೇ ತಾನೇ ವರ್ಣತಂತು ಎಣಿಸುವುದು? ಅಪ್ಪ ತಾವೂ ನೋಡಬೇಕು ಅಂತಿದ್ದಾರೆ.

ಮನೆಯವರನ್ನೆಲ್ಲ ಕೇಳಿದೆ ಅಂತ ಹೇಳು.

ಇಂತಿ ನಿನ್ನ ಗೆಳೆಯ