ಸೈರನ್ ಹಾಕಿ ಸುದ್ದಿ ಹೇಳಬೇಕೇ?

ಮಾನ್ಯರೇ,

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಕೆಲವು ಟಿವಿ ವಾಹಿನಿಗಳು ಸ್ಟುಡಿಯೋದಲ್ಲೇ ಯುದ್ಧ ಮಾಡಿ ಮುಗಿಸಿದವು. ಕರಾಚಿ ಬಂದರು ನಾಶವಾಯಿತು ಎಂದವು. ಅದು ಸುಳ್ಳಾಗಿತ್ತು. ಹಳೆಯ ವಿಡಿಯೊಗಳು, ವಿಡಿಯೊ ಗೇಮ್ ತುಣುಕುಗಳು ಕೂಡ ಯುದ್ಧದ ದೃಶ್ಯ ಎಂದು ಓಡಾಡಿದವು. ಹಿಂದಿನಿಂದ ಸೈರನ್ ಸದ್ದು ಬೇರೆ! ಕೊನೆಗೆ ಕೇಂದ್ರ ಗೃಹ ಸಚಿವಾಲಯವೇ ಸುಮ್ಸುಮ್ನೆ ಸೈರನ್ ಹಾಕಬೇಡಿ ಎಂದು ಸೂಚನೆ ಕೊಡಬೇಕಾಯಿತು. ದಿನಾ ಟಿವಿಯಲ್ಲಿ ಕೇಳಿ ರೂಢಿಯಾದರೆ, ನಿಜವಾದ ಸೈರನ್ ಕೂಗಿದಾಗಲೂ ಜನ ಕುಳಿತಲ್ಲೇ ಕುಳಿತಿರುತ್ತಾರೆ ಅಲ್ವಾ?

ನಮ್ಮ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರವಿದೆ. ಸುತ್ತಲಿನ ಊರುಗಳಲ್ಲಿ ಮಕ್ಕಳನ್ನು ಮಿಲಿಟರಿಗೆ ಕಳಿಸಿದ ಮನೆಗಳಿವೆ. ಗಡಿಯಲ್ಲಿರುವ ಮಗನಿಗೆ ಫೋನ್ ಹತ್ತದಿದ್ದರೆ ಅವ್ವ ಟಿವಿ ಮುಂದೆ ಕೂರುತ್ತಾಳೆ. ಆಕೆಗೆ ಬೇಕಾದದ್ದು ಖಚಿತ ಸುದ್ದಿ, ಗ್ರಾಫಿಕ್ಸ್ ಕ್ಷಿಪಣಿ ಅಲ್ಲ. ಪರದೆ ತುಂಬ ಬೆಂಕಿ ತೋರಿಸಿ ಕಿರುಚುವವರಿಗೆ ಈ ಮನೆಗಳ ನೆನಪೇ ಇರುವುದಿಲ್ಲ.

ಸಿನಿಮಾದಲ್ಲಿ ಹೀರೊ ಗುಂಡು ತಿಂದರೂ ಎದ್ದು ಬರುತ್ತಾನೆ. ಕಾಲು ಕಳೆದುಕೊಂಡು ಊರಿಗೆ ಬಂದ ಸೈನಿಕನ ಮುಂದಿನ ಬದುಕು ತೆರೆ ಮೇಲೆ ಬರುವುದು ಅಪರೂಪ. ಹೋಗಲಿ ಬಿಡಿ, ಅದು ಕಥೆ ಎಂದು ಗೊತ್ತಿದ್ದೇ ಟಿಕೆಟ್ ಕೊಂಡಿರುತ್ತೇವೆ. ಸುದ್ದಿಯನ್ನು ಹಾಗೆ ನೋಡಲಾಗುತ್ತದೆಯೇ?

ವಾಹಿನಿಗಳಿಗೆ ಒಂದು ಕೋರಿಕೆ. ಸುಳ್ಳು ಸುದ್ದಿ ಎಷ್ಟು ಹೊತ್ತು ಓಡಿತೋ ಅಷ್ಟೇ ಹೊತ್ತು, ಅಷ್ಟೇ ದಪ್ಪ ಅಕ್ಷರದಲ್ಲಿ ‘ತಪ್ಪಾಯಿತು’ ಎಂದೂ ತೋರಿಸಿ.

– ಓದುಗ, ಟಿಳಕವಾಡಿ, ಬೆಳಗಾವಿ