ಕಾಂಕ್ರೀಟ್ ತೊಳೆದ ನೀರು ಹಳ್ಳಕ್ಕೆ ಬೇಡ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಶರಣು.

ನಮ್ಮ ಕಡೆ ಹಳ್ಳಗಳಿಗೆ ಸೇತುವೆ, ಚೆಕ್ ಡ್ಯಾಂ ಕಟ್ಟೋದು ಬೇಸಿಗೆಯಲ್ಲಿ. ಹರಿವು ನಿಂತಿರುತ್ತದೆ, ಕೆಲಸಕ್ಕೆ ಅನುಕೂಲ. ಆದರೆ ಆ ಹೊತ್ತಿಗೆ ಹಳ್ಳದಲ್ಲಿ ಉಳಿಯೋದು ಅಲ್ಲೊಂದು ಇಲ್ಲೊಂದು ಮಡು ಮಾತ್ರ. ಮೀನು ಬದುಕೋದು ಅದರಲ್ಲೇ, ದನಕರು ಕುಡಿಯೋದೂ ಅದನ್ನೇ. ಸಂಜೆ ಮಿಕ್ಸರ್, ಸಲಿಕೆ, ಬುಟ್ಟಿ ತೊಳೆದ ನೀರನ್ನೂ ಅಲ್ಲಿಗೇ ಬಿಡುತ್ತಾರೆ.

ಕಾಗಿಣಾ ನದಿಗೆ ಸೇರುವ ನಮ್ಮೂರ ಹಳ್ಳದಲ್ಲಿ ಈ ಬೇಸಿಗೆ ಇದನ್ನೇ ನೋಡಿದೆ. ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಚೂರನ್ನು ಆ ಮಡುವಿನಲ್ಲಿ ಅದ್ದಿದೆ. ಅದ್ದುತ್ತಲೇ ಕೆಂಪಾಯಿತು. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದರೆ ಕೆಂಪಾಗುತ್ತದಲ್ವಾ, ಕಾರಣ ಅದೇ. ಕೆಲಸದ ಜಾಗಕ್ಕಿಂತ ಮೇಲಿದ್ದ ಮಡುವಿನಲ್ಲಿ ಕಾಗದ ಹಳದಿಯಾಗೇ ಉಳಿಯಿತು.

ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಹಾಗಾಗಿ ಹಸಿ ಕಾಂಕ್ರೀಟ್ ತೊಳೆದ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಅಳತೆ) 12ರ ಆಸುಪಾಸು ಇರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 6.5ರಿಂದ 8.5. ಪಿಎಚ್ ಒಂದು ಅಂಕಿ ಏರಿದರೆ ಕ್ಷಾರ 10 ಪಟ್ಟು ಏರಿದಂತೆ. ಅಂದರೆ 8.5ರ ನೀರಿಗಿಂತ 12ರ ನೀರು 3,000 ಪಟ್ಟಿಗೂ ಜಾಸ್ತಿ ಕ್ಷಾರ. ಅದು ಮೀನಿನ ಕಿವಿರನ್ನು ಸುಡುತ್ತದೆ. ದಿನವಿಡೀ ಬರಿಗೈಲಿ ಗಾರೆ ಕಲಸುವ ಗೌಂಡಿಗಳ ಬೆರಳ ಸಂದಿ ನೋಡಿ, ಚರ್ಮ ಬಿರಿದು ಹುಣ್ಣಾಗಿರುತ್ತದೆ.

ಇನ್ನೊಂದು ಮಾತು ನಿಮ್ಮ ಎಂಜಿನಿಯರುಗಳಿಗೆ ಒತ್ತಿ ಹೇಳಬೇಕು. ಬೂದಿ ಬಣ್ಣದ ರಾಡಿ ತಳಕ್ಕೆ ಕೂತು ನೀರು ತಿಳಿಯಾದ ಮಾತ್ರಕ್ಕೆ ಅದು ಸರಿಹೋಯಿತು ಅಂತಲ್ಲ. ಸುಣ್ಣ ಕರಗಿರುತ್ತದೆ, ಕಣ್ಣಿಗೆ ಕಾಣೋದಿಲ್ಲ. ದನಗಳಿಗೂ ಕಾಣೋದಿಲ್ಲ.

ಕಾಂಕ್ರೀಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಸೇಡಂ, ವಾಡಿ ಕಡೆ ಎಷ್ಟೋ ಮನೆಗಳ ಒಲೆ ಉರಿಯೋದು ಸಿಮೆಂಟ್ ಕಾರ್ಖಾನೆಗಳಿಂದಲೇ. ನಮ್ಮೂರಿಗೆ ಸೇತುವೆಯೂ ಬೇಕು. ಹಳೇ ಕಾಂಕ್ರೀಟಿನಿಂದ ಇಷ್ಟು ತೊಂದರೆಯೂ ಇಲ್ಲ. ದಿನ ಕಳೆದಂತೆ ಗಾಳಿ ತಾಗಿ ಮೇಲ್ಮೈಯ ಸುಣ್ಣ ಸುಣ್ಣದ ಕಲ್ಲಾಗುತ್ತದೆ, ನಮ್ಮ ಶಹಾಬಾದ್ ಫರ್ಸಿಯಲ್ಲಿ ಇರುವುದೂ ಹೆಚ್ಚಾಗಿ ಅದೇ. ಕಾಯಬೇಕಾದದ್ದು ಮೊದಲ ಕೆಲವು ವಾರ, ಮತ್ತು ಆ ತೊಳೆದ ನೀರು.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಹಳ್ಳದಿಂದ ದೂರ ಒಂದು ಗುಂಡಿ ತೋಡಿ, ತಾಡಪತ್ರಿ ಹಾಸಿ, ತೊಳೆದ ನೀರನ್ನೆಲ್ಲ ಅದಕ್ಕೇ ಬಿಡಲಿ. ತಳಕ್ಕೆ ಕೂತದ್ದು ಒಣಗಿ ಗಟ್ಟಿಯಾದ ಮೇಲೆ ತೆಗೆದು ಸಾಗಿಸಲಿ. ಕಾಂಕ್ರೀಟ್ ಹಾಕುವ ಜಾಗವನ್ನು ಮರಳಿನ ಚೀಲ ಒಟ್ಟಿ ಮಡುವಿನಿಂದ ಬೇರೆ ಮಾಡಲಿ. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸೋದು, ಮಾಡುವಾಗ ಸುಮ್ನೆ ಪೈಪ್ ಬಿಟ್ಟು ಹೋಗೋದು ಬೇಡ, ಗೋಣಿಚೀಲ ಹೊದಿಸಿ ತೇವ ಇಟ್ಟರೆ ಸಾಕು. ಊರೂರಲ್ಲಿ ಕಟ್ಟುವ ದನಗಳ ನೀರಿನ ತೊಟ್ಟಿಗಳನ್ನೂ ಹಲವು ಸಲ ತುಂಬಿಸಿ, ಖಾಲಿ ಮಾಡಿ, ಪಿಎಚ್ ನೋಡಿದ ಮೇಲೆಯೇ ಬಳಕೆಗೆ ಬಿಡಬೇಕು.

ಇವನ್ನು ಬಾಯಿಮಾತಲ್ಲಿ ಹೇಳಿದರೆ ಗುತ್ತಿಗೆದಾರರು ಕೇಳೋದಿಲ್ಲ. ಟೆಂಡರ್ ಷರತ್ತಿನಲ್ಲೇ ಬರೆಸಿ. ಗುಂಡಿಯ ಫೋಟೋ, ಮಡುವಿನ ನೀರಿನ ಪಿಎಚ್ ಎರಡೂ ಇಲ್ಲದೆ ಬಿಲ್ ಪಾಸ್ ಆಗಬಾರದು. ಮುಂದಿನ ಬೇಸಿಗೆಯ ಟೆಂಡರ್ ಕರೆಯುವ ಮುಂಚೆ ಈ ಆದೇಶ ಹೊರಡಿಸಿ ಅಂತ ಕೈಮುಗಿದು ಕೇಳುತ್ತೇನೆ.

ಇಂತಿ,
ಕಾಗಿಣಾ ಸೀಮೆಯ ಒಬ್ಬ ರೈತ