ಬಂಡೀಪುರಕ್ಕೆ ಒಂದೇ ನಕ್ಷೆ ಸಾಲದು

ಮಾನ್ಯರೇ,

ಬಂಡೀಪುರದ ಸಫಾರಿ ಇರಲಿ, ಆ ಕಾಡನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 766ರ ರಾತ್ರಿ ಸಂಚಾರ ನಿಷೇಧ ಇರಲಿ, ವಾದಕ್ಕೆ ಇಳಿದವರೆಲ್ಲ ‘ಕಾಡು ಕಾಡಾಗಿಯೇ ಇರಬೇಕು’ ಎಂದೇ ಮಾತು ಆರಂಭಿಸುತ್ತಾರೆ. ಯಾವ ಜಾಗ ಯಾರಿಗೆ ಕಾಡು ಅನ್ನಿಸುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇದನ್ನು ಅಳೆದು ನಕ್ಷೆಗೆ ಇಳಿಸುವ ವಿಧಾನ ಹೊಸದೇನಲ್ಲ. ಅಮೆರಿಕದ ಸಂಶೋಧಕ ಸ್ಟ್ಯಾಂಕಿ ರೂಪಿಸಿದ್ದ ಅಳತೆಗೋಲನ್ನು ಹಿಡಿದು, ನ್ಯೂಜಿಲೆಂಡಿನ ಸಂಶೋಧಕರಾದ ಕ್ಲಿಸ್ಕಿ ಮತ್ತು ಕಿಯರ್ಸ್ಲಿ 1993ರಲ್ಲಿ, ಕಾಡಿನಲ್ಲಿ ಮನುಷ್ಯರ ಗುರುತು ಇರಬಾರದು ಎಂಬ ಪಟ್ಟು ಎಷ್ಟು ಬಿಗಿ ಎಂಬುದರ ಮೇಲೆ ಜನರನ್ನು ನಾಲ್ಕು ಗುಂಪು ಮಾಡಿ, ಗುಂಪಿಗೊಂದರಂತೆ ನಾಲ್ಕು ನಕ್ಷೆ ಕೊಟ್ಟರು. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಉದ್ಯಾನದಲ್ಲಿ 2008ರ ಹೊತ್ತಿಗೆ ಸಹಜ ಹಸಿರು, ಆಧುನಿಕ ಕಟ್ಟಡ-ತಂತಿಗಳ ಗೈರು, ನೆಲದ ಒರಟುತನ, ರಸ್ತೆಯಿಂದ ಇರುವ ದೂರ ಎಂಬ ನಾಲ್ಕು ಪದರಗಳನ್ನು ಕೂಡಿಸಿ ಕಾಡುತನದ ನಕ್ಷೆ ಮಾಡಿದರು. ಬಂಡೀಪುರದ ಹುಲಿ ಸಂರಕ್ಷಣಾ ಯೋಜನೆ ಪರಿಷ್ಕರಣೆಯಾಗುವಾಗ ಇಂಥದ್ದೊಂದು ಅಧ್ಯಯನ ಸೇರಬೇಕು ಎಂಬುದು ನಮ್ಮ ಒತ್ತಾಯ. ಆದರೆ ಆ ಮಾದರಿಗಳನ್ನು ಇದ್ದ ಹಾಗೆಯೇ ಎತ್ತಿ ತಂದರೆ ಕೆಲಸ ಕೆಡುತ್ತದೆ.

ಮೊದಲ ತೊಡಕು ದೂರದ ಲೆಕ್ಕದ್ದು. ಸ್ಕಾಟ್ಲೆಂಡಿನಲ್ಲಿ ಅದನ್ನು ನಡಿಗೆಯ ಸಮಯದಲ್ಲಿ ಅಳೆಯುತ್ತಾರೆ: ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬಂಡೀಪುರದಲ್ಲಿ ಪ್ರವಾಸಿ ಜೀಪಿನಿಂದ ಕೆಳಗೆ ಕಾಲಿಡುವಂತಿಲ್ಲ, ಇನ್ನು ನಡಿಗೆಯ ಗಂಟೆಗೆ ಅರ್ಥವೆಲ್ಲಿ? ಆತನ ಪಾಲಿಗೆ ಗಾಡಿ ದಾರಿಯಿಂದ ಎಷ್ಟು ದೂರ, ಲಾರಿ ಹಾರ್ನ್ ಎಲ್ಲಿವರೆಗೆ ಕೇಳಿಸುತ್ತದೆ ಎಂಬುದೇ ಅಳತೆ. ಕಾಲುನಡಿಗೆಯ ಲೆಕ್ಕ ಹೊಂದುವುದು ಬೀಟ್ ತಿರುಗುವ ಅರಣ್ಯ ಇಲಾಖೆಯ ವಾಚರ್‌ಗಳಿಗೆ ಮತ್ತು ಹಾಡಿಯ (ಬುಡಕಟ್ಟು ಜನರ ಕೇರಿಯ) ಜೇನುಕುರುಬ, ಬೆಟ್ಟಕುರುಬರಿಗೆ. ಆದ್ದರಿಂದ ದೂರದ ಪದರ ಒಂದಲ್ಲ, ಎರಡು ಬೇಕು.

ಎರಡನೆಯದು ಗುಂಪು ಮಾಡುವ ಕ್ರಮ. ನ್ಯೂಜಿಲೆಂಡಿನಂತೆ ಬಿಡುವಿನಲ್ಲಿ ಕಾಡಿಗೆ ನಡೆದು ಹೋಗಿ ಬರುವವರನ್ನು ಬರೀ ಪ್ರಶ್ನಾವಳಿಯ ಅಂಕದ ಮೇಲೆ ವಿಂಗಡಿಸಿದರೆ ನಡೆದೀತು. ಇಲ್ಲಿ ಮೊದಲು ಸಂಬಂಧ ನೋಡಬೇಕು: ಪ್ರವಾಸಿಗರು, ಕಾಡಂಚಿನ ರೈತರು, ಹಾಡಿಯವರು, ಇಲಾಖೆಯ ಗಾರ್ಡ್-ವಾಚರ್‌ಗಳು. ಅಂಕ ಆಮೇಲೆ. ಮೇಲುಕಾಮನಹಳ್ಳಿಯ ಸಫಾರಿ ಕೌಂಟರಿನಲ್ಲಿ ಭಾನುವಾರ ಸಿಕ್ಕವರ ಕೈಗೆ ಫಾರಂ ಕೊಟ್ಟು ‘ಜನಾಭಿಪ್ರಾಯ’ ಎಂದು ಕರೆಯುವುದು ಎಲ್ಲರಿಗೂ ಸುಲಭ, ಅದಕ್ಕೇ ಅದು ಹೆಚ್ಚು ನಡೆಯುತ್ತದೆ. ಶೇ 95 ವಿಶ್ವಾಸಮಟ್ಟದಲ್ಲಿ ಶೇ 5ರ ಆಚೀಚೆಗೆ ಫಲಿತಾಂಶ ಬೇಕಾದರೆ 384 ಮಂದಿ ಸಾಕು ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆ 384ನ್ನೇ ನಾಲ್ಕು ಗುಂಪಿಗೆ ಹಂಚಿದರೆ ತಲಾ 96 ಮಂದಿ, ತಪ್ಪಿನ ಅಂತರ ಶೇ 10ಕ್ಕೆ ಏರುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ಪ್ರಶ್ನಾವಳಿಗೆ ಹದಿನೈದು ಅಂಶ ಸಾಕು: ಡಾಂಬರು ರಸ್ತೆ, ಮಣ್ಣಿನ ಜೀಪ್ ದಾರಿ, ವಿದ್ಯುತ್ ತಂತಿ, ಕಳ್ಳಬೇಟೆ ತಡೆ ಶಿಬಿರ, ಸೋಲಾರ್ ಪಂಪಿನಿಂದ ತುಂಬುವ ಕೆರೆ, ಆನೆ ಕಂದಕ, ಬೆಂಕಿ ರೇಖೆ (ಕಾಳ್ಗಿಚ್ಚು ಹಬ್ಬದಂತೆ ಸವರಿದ ಪಟ್ಟಿ), ತೇಗದ ನೆಡುತೋಪು, ಲಂಟಾನ (ಹೊರದೇಶದಿಂದ ಬಂದ ಕಳೆಪೊದೆ), ಗುಡಿ, ಹಾಡಿ, ದನ, ಇತ್ಯಾದಿ. ಪ್ರತಿಯೊಂದೂ ಕಣ್ಣಿಗೆ ಬಿದ್ದರೆ ಕಾಡು ಅನ್ನಿಸುತ್ತದೆಯೇ ಇಲ್ಲವೇ ಎಂದು 1ರಿಂದ 5ರವರೆಗೆ ಅಂಕ. ಐದಾರು ಪ್ರಶ್ನೆಗಳನ್ನು ತಿರುವಿ, ಅಂದರೆ ‘ಕಾಡು ಅನ್ನಿಸುವುದಿಲ್ಲ’ ಎಂಬ ವಿರುದ್ಧ ಅರ್ಥದಲ್ಲಿ, ಕೇಳಬೇಕು, ಇಲ್ಲದಿದ್ದರೆ ಎಲ್ಲಕ್ಕೂ ತಲೆಯಾಡಿಸುವವರ ಮೊತ್ತ ಸುಮ್ಮನೆ ಏರುತ್ತದೆ. ತಿರುವಿದ ಪ್ರಶ್ನೆಯ ಅಂಕವನ್ನು ಕೂಡುವ ಮುನ್ನ 6ರಿಂದ ಕಳೆಯುವುದನ್ನು ಮರೆತರೆ ಇಡೀ ಪಟ್ಟಿ ಹಾಳು. ಫೋಟೊ ತೋರಿಸುವುದಾದರೆ ಎಲ್ಲವೂ ಒಂದೇ ಲೆನ್ಸಿನವು, ಒಂದೇ ಹೊತ್ತಿನವು ಆಗಿರಬೇಕು. ಚಿತ್ರದಲ್ಲಿ ಪ್ರಾಣಿ ಇರಲೇಬಾರದು. ಮೂಲೆಯಲ್ಲೊಂದು ಆನೆ ನಿಂತಿದ್ದರೆ ನೋಡುವವರು ಆನೆಗೆ ಅಂಕ ಕೊಡುತ್ತಾರೆಯೇ ಹೊರತು ಜಾಗಕ್ಕಲ್ಲ.

ಲಂಟಾನವನ್ನು ಪಟ್ಟಿಯಿಂದ ಬಿಡಬಾರದು. ಬೆಂಗಳೂರಿನಿಂದ ಬಂದವರಿಗೆ ಆ ಹಸಿರು ಪೊದೆ ದಟ್ಟಾರಣ್ಯದಂತೆ ಕಾಣುತ್ತದೆ. ಇತ್ತ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತರಗು ಬೆಂಕಿ (ನೆಲದ ಒಣ ಎಲೆಗೆ ಇಡುವ ಸಣ್ಣ ಬೆಂಕಿ) ಹಾಕುವುದು ನಿಂತ ಮೇಲೆಯೇ ಲಂಟಾನ ಹಬ್ಬಿ ಕಾಡು ಕೆಟ್ಟಿತು ಎನ್ನುತ್ತಾರೆ. ಒಂದೇ ಪೊದೆಗೆ ಒಬ್ಬರು 5, ಇನ್ನೊಬ್ಬರು 1 ಕೊಟ್ಟರೆ ಸರಾಸರಿ 3 ಬರುತ್ತದೆ. ಆ 3 ಯಾರ ಅಭಿಪ್ರಾಯವೂ ಅಲ್ಲ.

ಜಾಗ ಗುರುತಿಸಲು 1:50,000 ಪ್ರಮಾಣದ ಟೋಪೋಶೀಟನ್ನು (ಗುಡ್ಡ, ಹಳ್ಳ, ದಾರಿ ತೋರುವ ನಕ್ಷೆ) ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಅದರ ಮೇಲೆ ಬಣ್ಣದ ಚುಕ್ಕೆ ಅಂಟಿಸಲು ಹೇಳುವುದು ರೂಢಿ. ಆ ಪ್ರಮಾಣದಲ್ಲಿ 6 ಮಿ.ಮೀ. ಚುಕ್ಕೆ ನೆಲದ ಮೇಲೆ 300 ಮೀಟರ್ ಮುಚ್ಚುತ್ತದೆ, ಅದಕ್ಕಿಂತ ಸೂಕ್ಷ್ಮವಾದ ತೀರ್ಮಾನ ಆ ಹಾಳೆಯಿಂದ ಹುಟ್ಟಲಾರದು. ಜನ ತಮಗೆ ಗೊತ್ತಿರುವ ರಸ್ತೆ, ಕೆರೆಗಳ ಪಕ್ಕದಲ್ಲೇ ಚುಕ್ಕೆ ಇಡುತ್ತಾರೆ. ಆದ್ದರಿಂದ ಪ್ರತಿ ಚುಕ್ಕೆಗೂ ‘ಅಲ್ಲಿಗೆ ಹೋಗಿದ್ದೀರಾ?’ ಎಂದು ಕೇಳಿ ಬೇರೆ ಗುರುತು ಹಾಕಬೇಕು. ಹುಲಿ ಮೀಸಲು ಪ್ರದೇಶಗಳ 2012ರ ಮಾರ್ಗಸೂಚಿಯ ಪ್ರಕಾರ ಪ್ರವಾಸೋದ್ಯಮಕ್ಕೆ ಸಿಗುವುದು ಕೋರ್ ಪ್ರದೇಶದ ಹೆಚ್ಚೆಂದರೆ ಶೇ 20. ಉಳಿದ ಭಾಗದ ಬಗ್ಗೆ ಪ್ರವಾಸಿ ಇಡುವ ಚುಕ್ಕೆ ಕೇಳಿದ್ದು, ಕಂಡದ್ದಲ್ಲ.

ಹಾಡಿಯವರ ಮುಂದೆ ಹಾಳೆ ಹರಡುವುದಕ್ಕಿಂತ, ಅವರ ಒಪ್ಪಿಗೆ ಪಡೆದು ಜಿಪಿಎಸ್ ಹಿಡಿದು ಜೊತೆಯಲ್ಲಿ ನಡೆಯುವುದೇ ಸರಿ. ಸೋಲಿಗರು ತಮ್ಮ ದೇವರ ಜಾಗ, ಅಬ್ಬಿ, ಕಲ್ಲುಗುಡಿಗಳ ನಕ್ಷೆಯನ್ನು ಹಾಗೆ ಮಾಡಿಸಿದ ಉದಾಹರಣೆ ನಮ್ಮಲ್ಲೇ ಇದೆ.

ಕಂಪ್ಯೂಟರ್ ಕೆಲಸ ದೊಡ್ಡದಲ್ಲ. ಸುಮಾರು 870 ಚದರ ಕಿ.ಮೀ. ಉದ್ಯಾನವನ್ನು 30 ಮೀಟರ್ ಚೌಕಗಳಾಗಿ ಕತ್ತರಿಸಿದರೆ 9.7 ಲಕ್ಷ ಚೌಕ. ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಇದ್ದರೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಲ್ಲ ಪದರಗಳನ್ನೂ ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯಕ್ಕೆ ತರಬೇಕು. ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟು ರಸ್ತೆಯ ಸುತ್ತ ‘500’ ಎಂದು ಬಫರ್ (ಇಕ್ಕೆಲದ ಪಟ್ಟಿಯ ಅಗಲ) ಕೊಟ್ಟರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದು ಓದುತ್ತದೆ.

ನಿಜವಾಗಿ ಎಡವುವುದು ದೃಷ್ಟಿಗೋಚರ ಪ್ರದೇಶದ, ಅಂದರೆ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬ, ಲೆಕ್ಕದಲ್ಲಿ. ರೇಡಾರ್ ಉಪಗ್ರಹದ ಎತ್ತರದ ಮಾಹಿತಿಯಲ್ಲಿ ಮರಗಳ ಎತ್ತರವೂ ಒಂದಿಷ್ಟು ಸೇರಿರುತ್ತದೆ. ಅದರ ಮೇಲೆ ನೋಡುಗನ ಕಣ್ಣನ್ನು 1.6 ಮೀಟರಿಗೆ ಇಟ್ಟರೆ ಆತ ಮರದ ತುದಿಯಲ್ಲಿ ಕೂತಂತಾಗಿ, ಎಲ್ಲಿಂದಲೋ ಎಲ್ಲಿಗೋ ವಿದ್ಯುತ್ ಗೋಪುರ ಕಾಣುತ್ತದೆ ಎಂಬ ಉತ್ತರ ಬರುತ್ತದೆ. ಬಯಲು ಗುಡ್ಡಗಳ ಸ್ಕಾಟ್ಲೆಂಡಿನಲ್ಲಿ ಈ ತಾಪತ್ರಯ ಕಡಿಮೆ. ಇಲ್ಲಿ ದಾರಿಯುದ್ದಕ್ಕೂ ಪ್ರತಿ 500 ಮೀಟರಿಗೆ ನಿಂತು, ಗಾಡಿಯಿಂದ ಇಳಿಯದೆ ಲೇಸರ್ ದೂರಮಾಪಕದಲ್ಲಿ ಎರಡೂ ಬದಿ ಎಷ್ಟು ದೂರ ಕಾಣುತ್ತದೆ ಎಂದು ಅಳೆದು, ಆ ಮಿತಿಯನ್ನು ಲೆಕ್ಕಕ್ಕೆ ಹಾಕಬೇಕು. ಇದನ್ನು ಎಲೆ ಉದುರಿದ ಮಾರ್ಚಿನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮಾಡಬೇಕು. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಬಯಲು ನೆತ್ತಿಯ ಜಾಗಕ್ಕೆ ಈ ಮಿತಿ ಬೇಡ. ಅಲ್ಲಿ ಭೂಮಿಯ ಬಾಗುವಿಕೆಯನ್ನು ಸೇರಿಸಿಕೊಂಡರಾಯಿತು: 10 ಕಿ.ಮೀ. ದೂರಕ್ಕೆ ಸುಮಾರು 8 ಮೀಟರ್ ಇಳಿಕೆ.

ಕೊನೆಗೆ ನಾಲ್ಕು ನಕ್ಷೆಗಳನ್ನು ಒಂದರ ಮೇಲೊಂದು ಇಡುವ ಹಂತ. ಪ್ರತಿ ಗುಂಪಿಗೂ ಚೌಕ ಕಾಡು ಅನ್ನಿಸಿದರೆ 1, ಇಲ್ಲದಿದ್ದರೆ 0 ಎಂದು ಕೊಟ್ಟು ಕೂಡಿದರೆ ‘2’ ಬಂದಲ್ಲಿ ಆ ಇಬ್ಬರು ಯಾರೆಂದು ತಿಳಿಯುವುದಿಲ್ಲ. ಬದಲಿಗೆ ಪ್ರವಾಸಿಗೆ 1, ರೈತರಿಗೆ 2, ಹಾಡಿಗೆ 4, ಸಿಬ್ಬಂದಿಗೆ 8 ಕೊಟ್ಟರೆ 0ರಿಂದ 15ರವರೆಗಿನ ಪ್ರತಿ ಮೊತ್ತವೂ ಒಂದೇ ಜೋಡಣೆಯನ್ನು ಸೂಚಿಸುತ್ತದೆ. 15 ಬಂದ ಚೌಕದಲ್ಲಿ ಹೊಸ ಕಟ್ಟಡ, ಹೊಸ ದಾರಿ ಬೇಡ ಎನ್ನಲು ಯಾರ ತಕರಾರೂ ಇರಲಾರದು. ಹೆಚ್ಚು ಉಪಯೋಗಕ್ಕೆ ಬರುವುದು 1 ಮತ್ತು 4 ಬಂದ ಚೌಕಗಳು. ಪ್ರವಾಸಿಗೆ ಮಾತ್ರ ಕಾಡು, ಅಥವಾ ಹಾಡಿಗೆ ಮಾತ್ರ ಕಾಡು ಎನಿಸುವ ಜಾಗಗಳವು. ಮುಂದಿನ ಜಗಳ ಹುಟ್ಟುವುದು ಅಲ್ಲೇ.

ಒಂದು ಎಚ್ಚರಿಕೆ ಹೇಳಲೇಬೇಕು. ಇದು ಮನುಷ್ಯರ ಅನಿಸಿಕೆಯ ನಕ್ಷೆ, ಹುಲಿ-ಆನೆಗಳ ಆವಾಸದ ನಕ್ಷೆಯಲ್ಲ. ಮನುಷ್ಯರೇ ಇರಬಾರದು ಎನ್ನುವವರ ನಕ್ಷೆಯೊಂದನ್ನೇ ಹಿಡಿದರೆ ಹಾಡಿ ಒಂದು ಕಲೆಯಾಗಿ ಕಾಣುತ್ತದೆ, ಅದನ್ನು ಒರೆಸಲು ನಕ್ಷೆಯೇ ಪುರಾವೆಯಾಗುತ್ತದೆ. ಹುಲಿ ಯೋಜನೆ ಬಂದ ಮೇಲೆ ಒಳಗಿನ ಹಲವು ಹಾಡಿಗಳು ಅಂಚಿಗೆ ಬಂದಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ತೀರ್ಮಾನಿಸುವಲ್ಲಿ ಈ ನಕ್ಷೆಗೆ ಯಾವ ಪಾತ್ರವೂ ಇಲ್ಲ ಎಂದು ವರದಿಯ ಮೊದಲ ಪುಟದಲ್ಲೇ ಬರೆಯಬೇಕು. ದೇವರ ಜಾಗಗಳನ್ನು ಬಿಂದುವಾಗಿ ಪ್ರಕಟಿಸದೆ ಒಂದು ಕಿ.ಮೀ. ಚೌಕದಲ್ಲಷ್ಟೇ ತೋರಿಸಬೇಕು.

ಉದ್ಯಾನದ ಒಳಗಿನ ಸಮೀಕ್ಷೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅಡಿ ಮುಖ್ಯ ವನ್ಯಜೀವಿ ವಾರ್ಡನ್ ಅವರ ಅನುಮತಿ ಬೇಕು. ಅರ್ಜಿಯಲ್ಲೇ ಬೇಸಿಗೆ ಮತ್ತು ಮಳೆಗಾಲದ ಎರಡೂ ಸುತ್ತುಗಳನ್ನು ನಮೂದಿಸಿ ಒಟ್ಟಿಗೇ ಒಪ್ಪಿಗೆ ಪಡೆಯುವುದು ಒಳ್ಳೆಯದು. ಒಂದೇ ಸುತ್ತಿಗೆ ಅನುಮತಿ ಪಡೆದು ಮಾರ್ಚಿನಲ್ಲಷ್ಟೇ ಅಳೆದ ನಕ್ಷೆ ಆಗಸ್ಟಿನ ಕಾಡಿಗೆ ಹೊಂದುವುದಿಲ್ಲ.

— ಅರಣ್ಯ ಮತ್ತು ಭೂಮಾಹಿತಿ ಅಧ್ಯಯನದಲ್ಲಿ ತೊಡಗಿರುವ ಕೆಲವರು, ಮೈಸೂರು